ನಾಯಿ ಕಡಿತದ ಪರಿಹಾರಕ್ಕೆ ಹಿಡಿದ ವಕೀಲರು: ಐದಕ್ಕೆ ನಾಲ್ಕು ಸ್ಟಾರ್

ನಾನು ಮನೆಯಲ್ಲೇ ಹೊಲಿಗೆ ಮಾಡುವವಳು. ಸಾಕುನಾಯಿಯೊಂದು ಬಲಗೈಯ ಹೆಬ್ಬೆರಳ ಬುಡಕ್ಕೇ ಬಾಯಿ ಹಾಕಿದ್ದರಿಂದ ಕೈಯೂ ಆಡದಾಯಿತು, ಕೆಲಸವೂ ನಿಂತಿತು. ಪರಿಹಾರಕ್ಕೆ ಅಂತ ಈ ಆಫೀಸಿನ ಮೆಟ್ಟಿಲು ಹತ್ತಿದೆ. ಕೆಲಸ ಚೆನ್ನಾಗಿ ಮಾಡಿಕೊಟ್ಟರು, ಒಂದು ಸ್ಟಾರ್ ಯಾಕೆ ಕಮ್ಮಿ ಅಂತ ಮುಂದೆ ಹೇಳುತ್ತೇನೆ.

ಲಾಯರ್ ಮೇಡಂ ಮೊದಲು ವಿಚಾರಿಸಿದ್ದು ನಾಯಿಯನ್ನಲ್ಲ, ಆಸ್ಪತ್ರೆಯನ್ನು. ಗಾಯವನ್ನು ತಕ್ಷಣ ತೊಳೆದಿರಾ, ರೇಬೀಸ್ ಲಸಿಕೆ ಯಾವತ್ತು ಶುರುವಾಯಿತು, ಧನುರ್ವಾಯು ಬಾರದ ಹಾಗೆ ಕೊಡುವ ಟಿಟಿ ಇಂಜೆಕ್ಷನ್ ಆಯಿತಾ? ಕಚ್ಚಿದ ಜಾಗವನ್ನು ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆಯಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಅದು ಜೀವಕ್ಕೆ ಬೇಕು, ಆಮೇಲೆ ಕೇಸಿಗೂ ಬೇಕು. ಚರ್ಮ ತೂರಿ ಹಲ್ಲು ಇಳಿದಿದ್ದರಿಂದ ಡಾಕ್ಟರು 'ಕೆಟಗರಿ 3', ಅಂದರೆ ಅತಿ ಗಂಭೀರ ದರ್ಜೆಯ ಕಡಿತ, ಅಂತ ಬರೆದು, ಲಸಿಕೆಯ ಜೊತೆ ಗಾಯದ ಸುತ್ತ ಇಮ್ಯುನೋಗ್ಲಾಬುಲಿನ್ (ರೇಬೀಸ್ ವೈರಸ್ಸನ್ನು ತಕ್ಷಣ ತಡೆಯುವ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೊಟ್ಟಿದ್ದರು. ಮೇಡಂ ಆ ಸಾಲಿನ ಮೇಲೆ ಹಳದಿ ಹೈಲೈಟರ್ ಎಳೆದರು. ಇನ್ನೊಂದು ಚೀಟಿಯಲ್ಲಿ ಬರೀ 'ಕೈಗೆ ಗಾಯ' ಅಂತಿತ್ತು. ನಾಯಿ ಕಡಿತ ಅನ್ನುವುದು ಕಾಗದದಲ್ಲಿ ಇಲ್ಲದಿದ್ದರೆ ಎದುರಿನವರಿಗೆ ಅದೇ ಸಾಕು ಎಂದು ಹೇಳಿ, ಡಾಕ್ಟರ ಹತ್ತಿರ ಸ್ಪಷ್ಟವಾಗಿ ಬರೆಸಿಕೊಂಡು ಬರಲು ಕಳಿಸಿದರು.

ನಾಯಿ ಸಾಕಿದವರು ಏನು ಹೇಳಬಹುದೋ ಅದನ್ನೇ ಹೇಳಿದರು: 'ನಮ್ಮ ನಾಯಿ ಇಲ್ಲಿವರೆಗೆ ಯಾರನ್ನೂ ಕಚ್ಚಿಲ್ಲ, ಇವರೇ ಕೆಣಕಿರಬೇಕು.' ಕೆಲವು ದೇಶಗಳ ಕಾನೂನಿನಲ್ಲಿ ಮೊದಲ ಮಾತಿಗೆ ಬೆಲೆಯೇ ಇಲ್ಲ, ನಾಯಿ ಕಚ್ಚಿದರೆ ಸಾಕಿದವರದ್ದೇ ಹೊಣೆ. ಬೇರೆ ಕಡೆ ಅದು ಕಚ್ಚುವ ನಾಯಿ ಅಂತ ಅವರಿಗೆ ಗೊತ್ತಿತ್ತು, ಇಲ್ಲವೇ ಕಟ್ಟಿಹಾಕದೆ ಉಡಾಫೆ ಮಾಡಿದರು ಅಂತ ನಾವು ತೋರಿಸಬೇಕು. ಕೆಣಕಿದರು ಅನ್ನುವ ಮಾತಿಗಂತೂ ಎಲ್ಲಿದ್ದರೂ ಉತ್ತರ ಕೊಡಲೇಬೇಕು. ನನ್ನ ಹತ್ತಿರ ಉತ್ತರವಾಗಿ ಇದ್ದದ್ದು ಆವತ್ತು ತೊಟ್ಟಿದ್ದ ಅಂಗಿ, ಒಗೆಯದೆ ಕಾಗದದಲ್ಲಿ ಸುತ್ತಿಟ್ಟಿದ್ದೆ. ತೋಳಿನ ಹೊಲಿಗೆ ಬಿಟ್ಟಿರಲಿಲ್ಲ, ಬಟ್ಟೆಯೇ ಹಿಂದಿನಿಂದ ಮಣಿಕಟ್ಟಿನ ಕಡೆಗೆ ಸೀಳಿತ್ತು. ಮುಂದೆ ಹೋಗುತ್ತಿದ್ದವಳನ್ನು ಹಿಂದಕ್ಕೆ ಎಳೆದರೆ ಬಟ್ಟೆ ಹಾಗೆ ಸೀಳುತ್ತದೆ, ಕತ್ತರಿ ಹಿಡಿದವರಿಗೆ ಇದು ಹೇಳಿಕೊಡಬೇಕಾಗಿಲ್ಲ. ಮೇಡಂ ಅದನ್ನು ಸ್ಕೇಲ್ ಪಕ್ಕದಲ್ಲಿಟ್ಟು ಫೋಟೋ ತೆಗೆಸಿ, ನನ್ನ ವಿವರಣೆಯನ್ನು ನನ್ನದೇ ಮಾತಲ್ಲಿ ಹೇಳಿಕೆಗೆ ಸೇರಿಸಿದರು. ಪಕ್ಕದ ಮನೆಯ ಸಿಸಿಟಿವಿ ರೆಕಾರ್ಡಿಂಗ್ ಅಳಿಸಿಹೋಗುವ ಮುಂಚೆ ಕೇಳಿ ಪತ್ರ ಹಾಕಿದ್ದೂ ಅವರೇ.

ಸ್ಟಾರ್ ಕೊಡುವುದಕ್ಕೆ ನಿಜವಾದ ಕಾರಣ ಬೇರೆ. ನಾಯಿಯವರ ವಿಮಾ ಕಂಪನಿ ಬಹಳ ಬೇಗ ಫೋನ್ ಮಾಡಿ, ಒಂದು ಮೊತ್ತ ಹೇಳಿ, ಸಹಿ ಹಾಕಿದರೆ ಮುಗಿಯಿತು ಎಂದಿತು. ಕೈ ಕಟ್ಟಿಕೊಂಡು ಕೂತವಳಿಗೆ ಆ ದುಡ್ಡು ಬೇಕೇ ಬೇಕಿತ್ತು. ಮೇಡಂ ಸಹಿ ಬೇಡ ಎಂದರು. ಗಾಯದ ಕಲೆ ಕೊನೆಗೆ ಹೇಗೆ ನಿಲ್ಲುತ್ತದೆ ಅಂತ ಗೊತ್ತಾಗುವುದಕ್ಕೆ ಒಂದು ವರ್ಷವೂ ಹಿಡಿಯಬಹುದು, 'ಪೂರ್ಣ ಮತ್ತು ಅಂತಿಮ' ಎಂದು ಸಹಿ ಹಾಕಿದರೆ ಆಮೇಲೆ ಬೆರಳು ಮಡಚದೆ ಹೋದರೂ ಮತ್ತೆ ಕೇಳುವ ಹಾಗಿಲ್ಲ. ಆಗಿದ್ದೂ ಹಾಗೇ. ಗಾಯ ಮಾಗಿತು, ಆದರೆ ಹೆಬ್ಬೆರಳು ಬಿಗಿದುಕೊಂಡಿತು. ಸೂಜಿಗೆ ದಾರ ಪೋಣಿಸಿದರೆ ನಡುಕ, ದಪ್ಪ ಬಟ್ಟೆಗೆ ಕತ್ತರಿ ಆಡುವುದಿಲ್ಲ. ಫಿಸಿಯೋಥೆರಪಿಸ್ಟ್ ಬರೆದುಕೊಟ್ಟ ವರದಿ ಬಂದ ಮೇಲೆ ಕಂಪನಿಯ ದನಿಯೇ ಬದಲಾಯಿತು. ನನ್ನ ಆರ್ಡರ್ ಪುಸ್ತಕವೂ ಕೆಲಸಕ್ಕೆ ಬಂತು. ವಾಪಸು ಕಳಿಸಿದ ಒಂದೊಂದು ಆರ್ಡರಿನ ಮೇಲೂ ಅಡ್ಡಗೀಟು ಎಳೆದಿದ್ದೆ, ಸಂಪಾದನೆ ಎಷ್ಟು ನಿಂತಿತು ಅನ್ನುವುದಕ್ಕೆ ಅದೇ ಲೆಕ್ಕವಾಯಿತು. ಚಿಕಿತ್ಸೆಯ ಖರ್ಚು, ಕಳೆದುಕೊಂಡ ದುಡಿಮೆ, ಕಲೆ, ನೋವು ಎಲ್ಲವನ್ನೂ ಬೇರೆಬೇರೆಯಾಗಿ ತೋರಿಸಿ ಕೇಳಿದರು. ವಿಚಾರಣೆಗೆ ಮುಂಚೆಯೇ ರಾಜಿ ಆಯಿತು.

ಈಗ ತಕರಾರು. ಒಮ್ಮೆ ಫೈಲು ತೆರೆದ ಮೇಲೆ ಮೇಡಂ ಕೈಗೆ ಸಿಗುವುದಿಲ್ಲ, ಎಲ್ಲ ಜೂನಿಯರ್ ಹುಡುಗನೇ. ಹುಡುಗ ಒಳ್ಳೆಯವನು, ಆದರೆ ಕೇಳಿದ್ದಕ್ಕೆಲ್ಲ 'ಮೇಡಂನ ಕೇಳಿ ಹೇಳ್ತೀನಿ' ಅನ್ನುತ್ತಾನೆ. ಫೀಸು ಹಂತಕ್ಕೆ ಇಷ್ಟು ಅಂತ ಮೊದಲೇ ಹೇಳುತ್ತಾರೆ, ಸರಿ. (ಗೆದ್ದ ಹಣದಲ್ಲಿ ಪಾಲು ಕೇಳುವುದು ಕೆಲವು ದೇಶಗಳಲ್ಲಿ ವಕೀಲರಿಗೆ ನಿಷಿದ್ಧ, ಕೆಲವು ಕಡೆ ಅದೇ ರೂಢಿ, ಎಲ್ಲಿದ್ದರೂ ಕೇಳಿಕೊಳ್ಳಿ.) ಆದರೆ ತಜ್ಞ ಡಾಕ್ಟರ ವರದಿ, ಕಾಗದಪತ್ರದ ನಕಲು, ಇವುಗಳ ಬಿಲ್ಲು ಬೇರೆ, ಅದನ್ನು ಬಾಯಿಬಿಟ್ಟು ಯಾರೂ ಹೇಳಲಿಲ್ಲ. ಆ ಒಂದು ಸ್ಟಾರ್ ಅಲ್ಲಿ ಹೋಯಿತು.

ದಾವೆ ಹೂಡುವ ಕೊನೆಯ ದಿನವನ್ನು ಮಾತ್ರ ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ ದಪ್ಪಗೆ ಬರೆದಿಡುತ್ತಾರೆ, ಅದು ನನಗೆ ಹಿಡಿಸಿತು. ಆ ಗಡುವು ದೇಶದಿಂದ ದೇಶಕ್ಕೆ ಬೇರೆ, ದಾಟಿದರೆ ಎಂಥ ಕೇಸೂ ಬಿದ್ದುಹೋಗಬಹುದು. ಬೀದಿನಾಯಿ ಕಚ್ಚಿದವರು ಇಲ್ಲಿಗೆ ಬರಬೇಡಿ, ಸಾಕಿದವರೇ ಇಲ್ಲದ ನಾಯಿಯ ಕೇಸು ಸ್ಥಳೀಯ ಆಡಳಿತದ ಮೇಲೆ ಹೂಡಬೇಕಾಗುತ್ತದೆ, ಅದನ್ನು ಇವರು ತೆಗೆದುಕೊಳ್ಳುವುದಿಲ್ಲ. ಫೋನ್ ಮಾಡುವುದಾದರೆ ಬೆಳಿಗ್ಗೆಯೇ ಮಾಡಿ, ಮಧ್ಯಾಹ್ನದ ಮೇಲೆ ಯಾರೂ ಎತ್ತುವುದಿಲ್ಲ.