ರೂಕರಿ ನುಕ್ (1930): ಸಿನಿಮಾ ಅಂತ ನೋಡ್ಬೇಡಿ, ನಾಟಕ ಅಂತ ನೋಡಿ

ಸಿನಿಮಾ ಅಂತ ಕೂತ್ರೆ ಹತ್ತೇ ನಿಮಿಷಕ್ಕೆ ಆಕಳಿಕೆ ಬರುತ್ತೆ, ನಾಟಕ ಅಂತ ಕೂತ್ರೆ ಸಖತ್ ಮಜಾ ಇದೆ, ಮೊದ್ಲೇ ಹೇಳ್ಬಿಡ್ತೀನಿ. ಲಂಡನ್ನಿನ ಆಲ್ಡ್ವಿಚ್ ಥಿಯೇಟರ್‌ನಲ್ಲಿ 1926ರಲ್ಲಿ ಶುರುವಾಗಿ 409 ಶೋ ಓಡಿದ ಬೆನ್ ಟ್ರಾವರ್ಸ್ ನಾಟಕ ಇದು, ಅದನ್ನೇ 1930ರಲ್ಲಿ ಟಾಕಿ ಮಾಡಿದಾರೆ, ಡೈರೆಕ್ಷನ್ ಟಾಮ್ ವಾಲ್ಸ್, ಸ್ಟೇಜ್ ಮೇಲೆ ಪಾರ್ಟ್ ಮಾಡ್ತಿದ್ದೋನೂ ಅವ್ನೇ. ಕನ್ನಡದ ಮೊದಲ ಟಾಕಿ, ನಮ್ಮ ಸತಿ ಸುಲೋಚನ ಬಂದಿದ್ದು 1934ಕ್ಕೆ, ಲೆಕ್ಕ ಹಾಕ್ಕೊಳ್ಳಿ.

ಕಥೆ ಇಷ್ಟೇ, ಹೊಸದಾಗಿ ಮದ್ವೆಯಾದ ಜೆರಾಲ್ಡ್ (ರಾಲ್ಫ್ ಲಿನ್) ಹೆಂಡ್ತಿಗಿಂತ ಮುಂಚೆ ಬಾಡಿಗೆ ಮನೆಗೆ ಬಂದಿಳೀತಾನೆ, ರಾತ್ರಿ ಹೊತ್ತು ಪಕ್ಕದ ಮನೆ ಹುಡುಗಿ (ವಿನಿಫ್ರೆಡ್ ಶಾಟರ್) ಮಲತಂದೆ ಓಡಿಸ್ದ ಅಂತ ಪೈಜಾಮದಲ್ಲೇ ಒಳಗೆ ನುಗ್ತಾಳೆ. ಸಕಲೇಶಪುರದ ಹೋಂಸ್ಟೇಲಿ ಹಿಂಗೇನಾದ್ರೂ ಆದ್ರೆ ಬೆಳಗಾಗೋದ್ರೊಳ್ಗೆ ಹಾಸನದ ಬಸ್‌ಸ್ಟ್ಯಾಂಡ್ ತನಕ ಸುದ್ದಿ ಮುಟ್ಟಿರುತ್ತೆ, ಅಲ್ಲಿ ಆ ಕೆಲ್ಸಕ್ಕೆ ಮನೆಗೆಲಸದ ಮಿಸೆಸ್ ಲೆವೆರೆಟ್ (ಮೇರಿ ಬ್ರಫ್) ಇದಾಳೆ, ಸುದ್ದಿ ಕೇಳೋಕೆ ಹೆಂಡ್ತಿ ಒಡಹುಟ್ಟಿದೋಳು ಗರ್ಟ್ರೂಡ್ ಕಾಯ್ತಾ ಇರ್ತಾಳೆ.

ಕ್ಯಾಮೆರಾ ಮಾತ್ರ ಕೂತಲ್ಲೇ ಕೂತಿದೆ. ಆ ಕಾಲದಲ್ಲಿ ಕ್ಯಾಮೆರಾದ ಗರಗರ ಸದ್ದು ಮೈಕಿಗೆ ಬೀಳ್ಬಾರ್ದು ಅಂತ ಅದನ್ನ ಗೂಡಿನಂಥ ಕೋಣೆಯೊಳಗೆ ಇಟ್ಟು ಶೂಟ್ ಮಾಡ್ತಿದ್ರು, ಇನ್ನೆಲ್ಲಿಂದ ಓಡಾಡುತ್ತೆ. ಸೌಂಡೂ ಕೆಲವು ಕಡೆ ಕರಕರ, ಇಯರ್‌ಫೋನ್ ಇದ್ರೆ ಒಳ್ಳೇದು. ಆದ್ರೆ ಅದ್ರಿಂದ್ಲೇ ಒಂದು ಲಾಭ ಇದೆ ನೋಡಿ, ಒಂದು ಫ್ರೇಮಲ್ಲಿ ನಾಲ್ಕು ಜನ ಸೇರಿದ್ರೆ ಯಾರ ಮುಖ ಹೆಂಗೆ ಸಣ್ಣಗಾಗ್ತಿದೆ ಅಂತ ನಾವೇ ಹುಡುಕ್ಕೊಂಡು ನೋಡ್ಬೋದು, ಕ್ಲೋಸಪ್ ಹಾಕಿ ಇಲ್ಲಿ ನಗಿ ಅಂತ ಯಾರೂ ಹೇಳಲ್ಲ. ಗರ್ಟ್ರೂಡ್ ಗಂಡ ಹೆರಾಲ್ಡ್ ಟ್ವೈನ್ ಆಗಿ ರಾಬರ್ಟ್ಸನ್ ಹೇರ್ ಅಂತೂ, ಬೋಳುತಲೆ, ಹೆಂಡ್ತಿ ಅಂದ್ರೆ ಗಡಗಡ, ಮಾತಾಡ್ದೇ ನಿಂತಿದ್ರೂ ನಗಿಸ್ತಾನೆ, ನನ್ಗೆ ಇಡೀ ಸಿನಿಮಾದಲ್ಲಿ ಇಷ್ಟ ಆಗಿದ್ದೇ ಇವ್ನು.

ಜೊತೆಗೆ ಕೂತಿದ್ದ ನಮ್ಮ ದೊಡ್ಡಪ್ಪ ಊರಬ್ಬದ ನಾಟಕದಲ್ಲಿ ದುರ್ಯೋಧನನ ಪಾರ್ಟ್ ಮಾಡ್ತಿದ್ದೋರು, ಇಂಗ್ಲಿಷ್ ಅಷ್ಟಕ್ಕಷ್ಟೇ, ಒಬ್ಬ ಬಾಗಿಲಿಂದ ಹೋಗೋದಕ್ಕೂ ಇನ್ನೊಬ್ಬ ಬರೋದಕ್ಕೂ ಇರೋ ಲೆಕ್ಕ ನೋಡಿ "ಇವ್ರೇನ್ ಹೊಸಬ್ರಲ್ಲ ಕಣ್ಲಾ, ಬೇಜಾನ್ ಆಡವ್ರೆ" ಅಂದ್ರು. ಕರೆಕ್ಟು, ಲಿನ್, ವಾಲ್ಸ್, ಹೇರ್, ಬ್ರಫ್ ಎಲ್ಲಾ ಆ ಥಿಯೇಟರ್ ತಂಡದೋರೇ.

ಬೇಜಾರಾಗಿದ್ದು ಮಲತಂದೆ ಪಾರ್ಟು. ಜರ್ಮನ್‌ನೋನು, ಕಿರುಚ್ತಾನೆ, ಅಷ್ಟೇ ಜೋಕು, ಈಗ ಹಳಸಿದೆ. ಹುಡುಗಿಗೂ ಪೈಜಾಮ ಬಿಟ್ರೆ ಜಾಸ್ತಿ ಕೆಲ್ಸ ಕೊಟ್ಟಿಲ್ಲ.

ಐದಕ್ಕೆ ಮೂರೂವರೆ ಕೊಡ್ತೀನಿ. ಹಾಸನಾಂಬ ಕಲಾಕ್ಷೇತ್ರದಲ್ಲಿ ನಾಟಕ ಆಡೋ ಹುಡುಗ್ರು ಯಾರಾದ್ರೂ ಇದನ್ನ ಕನ್ನಡಕ್ಕೆ ತಂದ್ರೆ ಟಿಕೆಟ್ ತಗೊಂಡೇ ಬರ್ತೀನಿ, ಹೆರಾಲ್ಡ್ ಪಾರ್ಟಿಗೆ ಮಾತ್ರ ಒಳ್ಳೇ ನಟನ್ನ ಹುಡುಕ್ರಪ್ಪಾ.