ಸೈಸ್ಮಿಕ್ ರಿಪೋರ್ಟ್ ಒಂದನ್ನೇ ನಂಬಿ ಪೈಲ್ ಡಿಸೈನ್ ಮಾಡಬೇಡಿ

ಬಂಡೆ ಎಷ್ಟು ಆಳದಲ್ಲಿದೆ ಅಂತ ತಿಳಿಯಲು ಸೈಸ್ಮಿಕ್ ರಿಫ್ರ್ಯಾಕ್ಷನ್ ಸರ್ವೆ (ನೆಲದೊಳಗೆ ಕಂಪನದ ಅಲೆ ಕಳಿಸಿ, ಪದರಗಳಲ್ಲಿ ಬಾಗಿ ವಾಪಸ್ ಬರುವ ಸಮಯದಿಂದ ಆಳ ಲೆಕ್ಕ ಹಾಕುವುದು) ಮಾಡಿಸುವವರು ದಯವಿಟ್ಟು ಬೋರ್‌ಹೋಲ್ (ನೆಲ ಕೊರೆದು ಕೆಳಗೆ ಏನಿದೆ ಅಂತ ನೋಡುವುದು) ಕೈಬಿಡಬೇಡಿ. ನಮಗೆ ಸರ್ವೆ ಮಾಡಿಕೊಟ್ಟ ಏಜೆನ್ಸಿಯವರು (ಹೆಸರು ಬೇಡ ಬಿಡಿ) "ಸುಮ್ನೆ ಯಾಕೆ ಖರ್ಚು, ನಮ್ಮ ರಿಪೋರ್ಟ್‌ನಲ್ಲೇ ಎಲ್ಲಾ ಬರುತ್ತೆ" ಅಂದಿದ್ದರು. ರಿಪೋರ್ಟ್ ಬಣ್ಣಬಣ್ಣವಾಗಿ ಚೆನ್ನಾಗೇ ಇತ್ತು. 6 ಮೀಟರ್‌ಗೆ ಶಿಥಿಲ ಬಂಡೆ ಅಂತ ತೋರಿಸಿದ್ದರು. ಪೈಲ್‌ಗೆ (ಅಡಿಪಾಯಕ್ಕೆ ನೆಲದಾಳಕ್ಕೆ ಇಳಿಸುವ ಕಂಬ) ಕೊರೆದಾಗ ಅಲ್ಲಿ ಸಿಕ್ಕಿದ್ದು ನೀರು, ಅದರ ಕೆಳಗೆ ಬರೀ ಹಸಿ ಮರಳು. ಪೈಲ್ ಉದ್ದ, ಡಿಸೈನ್, ಖರ್ಚು ಎಲ್ಲಾ ಮತ್ತೆ ಮೊದಲಿಂದ.

ಆಗಿದ್ದೇನು ಅಂದರೆ, ಸುತ್ತಿಗೆಯಿಂದ ಪ್ಲೇಟಿಗೆ ಹೊಡೆದು, ಸಾಲಾಗಿ ಚುಚ್ಚಿದ ಜಿಯೋಫೋನ್‌ಗಳಿಗೆ (ನೆಲದ ಕಂಪನ ಹಿಡಿಯುವ ಸಾಧನ) ಅಲೆ ತಲುಪಲು ಎಷ್ಟು ಹೊತ್ತಾಯಿತು ಅಂತ ಅಳೆಯುತ್ತಾರೆ, ಉಳಿದದ್ದೆಲ್ಲಾ ಲೆಕ್ಕ. ಒಣ ಸಡಿಲ ಮಣ್ಣಿನಲ್ಲಿ ಪಿ ಅಲೆಯ (ಒತ್ತುತ್ತಾ ಹಿಗ್ಗಿಸುತ್ತಾ ಸಾಗುವ, ಮೊದಲು ತಲುಪುವ ಅಲೆ) ವೇಗ ಸೆಕೆಂಡಿಗೆ ಕೆಲವು ನೂರು ಮೀಟರ್. ಅದೇ ಮಣ್ಣು ಪೂರ್ತಿ ನೀರು ಕುಡಿದಿದ್ದರೆ 1500 ಮೀಟರ್ ಆಸುಪಾಸಿಗೆ ಏರಿಬಿಡುತ್ತದೆ. ಶಿಥಿಲ ಬಂಡೆಯಲ್ಲೂ ಹೆಚ್ಚುಕಮ್ಮಿ ಅಷ್ಟೇ ಬರಬಹುದು. ಹಾಗಾಗಿ ಅಂತರ್ಜಲದ ಮಟ್ಟಕ್ಕೇ ಗೆರೆ ಎಳೆದು ಬಂಡೆ ಅಂತ ಕೊಟ್ಟಿದ್ದರು! ಎಸ್ ಅಲೆಯನ್ನೂ (ಅಡ್ಡಡ್ಡ ಅಲುಗಿಸುತ್ತಾ ಸಾಗುವ ಅಲೆ) ಅಳೆದಿದ್ದರೆ ಅಲ್ಲೇ ಅನುಮಾನ ಬರುತ್ತಿತ್ತು, ಅದು ನೀರಿನಲ್ಲಿ ಹಾಯುವುದಿಲ್ಲ, ನೀರು ತುಂಬಿದ ಮಾತ್ರಕ್ಕೆ ಅದರ ವೇಗ ಏರುವುದೂ ಇಲ್ಲ.

ಜಗಳ ಆಡಿ ಮೂಲ ರೆಕಾರ್ಡ್ ತರಿಸಿದೆವು. ದೂರದ ಜಿಯೋಫೋನ್‌ಗಳ ಗೆರೆಗಳು ಪೂರ್ತಿ ಗದ್ದಲ, ಪಕ್ಕದಲ್ಲೇ ಜನರೇಟರ್ ಓಡುತ್ತಿತ್ತಲ್ವಾ. ಅಲೆ ಮೊದಲು ಬಂದ ಕ್ಷಣವನ್ನು ಆ ಗದ್ದಲದ ನಡುವೆ ಸಾಫ್ಟ್‌ವೇರ್ ತನಗೆ ತೋಚಿದ ಕಡೆ ಗುರುತಿಸಿತ್ತು, ಯಾರೂ ಕಣ್ಣಾಡಿಸಿರಲಿಲ್ಲ. ಮೇಲಿನ ಪದರದ ವೇಗ 500 ಇದ್ದರೆ, ಲೆಕ್ಕಕ್ಕೆ ಹೋಗುವ ಸಮಯ ಬರೀ 2 ಮಿಲಿಸೆಕೆಂಡ್ ತಪ್ಪಿದರೂ ಆಳ ಅರ್ಧ ಮೀಟರ್ ಆಚೀಚೆ ಆಗುತ್ತದೆ. ಸಾಲದ್ದಕ್ಕೆ ಒಂದೇ ತುದಿಯಿಂದ ಹೊಡೆದಿದ್ದರು. ಪದರ ಓರೆಯಾಗಿದ್ದರೆ ಇಳಿಜಾರಿನ ಕಡೆಗೆ ವೇಗ ಕಡಿಮೆ ಕಾಣುತ್ತದೆ, ಏರಿನ ಕಡೆಗೆ ಜಾಸ್ತಿ. ಎರಡೂ ತುದಿಯಿಂದ ಹೊಡೆಯದೆ ಅದು ಗೊತ್ತೇ ಆಗುವುದಿಲ್ಲ.

ಇನ್ನೊಂದು ತೊಂದರೆಗೆ ಯಾರನ್ನೂ ಬೈಯುವ ಹಾಗಿಲ್ಲ. ಗಟ್ಟಿ ಪದರದ ಕೆಳಗೆ ಮೆತ್ತನೆಯ ಪದರ ಇದ್ದರೆ ರಿಫ್ರ್ಯಾಕ್ಷನ್‌ಗೆ ಅದು ಕಾಣುವುದೇ ಇಲ್ಲ, ಎಷ್ಟೇ ನುರಿತವರು ಮಾಡಲಿ. ಆಗ ಅದರ ಕೆಳಗಿನ ಬಂಡೆ ಇರುವುದಕ್ಕಿಂತ ಆಳದಲ್ಲಿದೆ ಅಂತ ಲೆಕ್ಕ ಬರುತ್ತದೆ. ಇದನ್ನು ಹಿಡಿಯಲು ಕೊರೆದೇ ನೋಡಬೇಕು. ಅದಕ್ಕೇ ಸರ್ವೆ ಸಾಲಿನ ಮೇಲೆ ಕನಿಷ್ಠ ಒಂದು ಬೋರ್‌ಹೋಲ್, ಎರಡೂ ತುದಿಯ ಹೊಡೆತ, ಮೂಲ ಫೈಲ್‌ಗಳು, ಇಷ್ಟನ್ನೂ ಕೆಲಸ ಕೊಡುವಾಗಲೇ ಒಪ್ಪಂದದಲ್ಲಿ ಬರೆಸಿ. ಆಮೇಲೆ ಕೇಳಿದ್ದಕ್ಕೆ ನಮಗೆ ಅರ್ಧ ಫೈಲ್ ಇನ್ನೂ ಬಂದಿಲ್ಲ.