ಹೆಸರಿನಲ್ಲಿ ಸ್ಪೇಸ್ ಇರುವ ಫೈಲಿಗೆ ಶಾರ್ಟ್‌ಕಟ್: ನಾನು ಮಾಡಿ ನೋಡಿದ ದಾರಿಗಳು

ನಮ್ಮ ಡಿಟಿಪಿ ಅಂಗಡಿಯ ಕಂಪ್ಯೂಟರಿನಲ್ಲಿ, ಡಿ ಡ್ರೈವ್‌ನೊಳಗೆ ‘ಮದುವೆ ಪತ್ರಿಕೆ’ ಅಂತ ಒಂದು ಫೋಲ್ಡರ್. ಅದರಲ್ಲಿರುವ ‘ಖಾಲಿ ನಮೂನೆ’ ಫೈಲನ್ನು ದಿನಕ್ಕೆ ಹತ್ತು ಸಲ ತೆರೆಯಬೇಕು, ಅದೂ ಒಂದು ನಿರ್ದಿಷ್ಟ ಪ್ರೋಗ್ರಾಮಿನಲ್ಲೇ. ಶಾರ್ಟ್‌ಕಟ್‌ನ ಟಾರ್ಗೆಟ್ ಖಾನೆಯಲ್ಲಿ (ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದರೆ ಸಿಗುತ್ತದೆ) ಮೊದಲು ಪ್ರೋಗ್ರಾಮ್, ಪಕ್ಕದಲ್ಲಿ ಫೈಲಿನ ಪಾತ್, ಅಂದರೆ ಅದು ಇರುವ ಜಾಗದ ಪೂರ್ತಿ ವಿಳಾಸ, ಬರೆದೆ. ಕ್ಲಿಕ್ ಮಾಡಿದರೆ ಒಂದಲ್ಲ, ಮೂರು ದೂರು: ‘ಡಿ:\ಮದುವೆ’ ಇಲ್ಲ, ‘ಪತ್ರಿಕೆ\ಖಾಲಿ’ ಇಲ್ಲ, ‘ನಮೂನೆ’ ಇಲ್ಲ. ಸ್ಪೇಸ್ ಬಂದಲ್ಲೆಲ್ಲ ಪಾತ್ ತುಂಡಾಗಿತ್ತು.

ಹಳೆಯ ಡಾಸ್ ವ್ಯವಸ್ಥೆಯ ಕಾಲದಲ್ಲಿ ಫೈಲಿನ ಹೆಸರಿಗೆ ಎಂಟು ಅಕ್ಷರ, ಎಕ್ಸ್‌ಟೆನ್ಷನ್‌ಗೆ ಮೂರು, ಅಷ್ಟೇ. 1995ರಲ್ಲಿ ವಿಂಡೋಸ್ 95 ಬಂದಾಗ ಉದ್ದ ಹೆಸರು, ನಡುವೆ ಸ್ಪೇಸ್ ಎಲ್ಲ ಸಲೀಸಾಯಿತು. ಆದರೆ ಕಮಾಂಡ್ ಸಾಲಿನಲ್ಲಿ (ಟಾರ್ಗೆಟ್ ಖಾನೆಯದೂ ಅಂಥದ್ದೇ) ಒಂದು ಮಾತನ್ನು ಇನ್ನೊಂದರಿಂದ ಬೇರೆ ಮಾಡುವುದು ಇವತ್ತಿಗೂ ಸ್ಪೇಸೇ.

ಮೊದಲ ದಾರಿ, ಡಬಲ್ ಕೋಟ್ಸ್. ಇಡೀ ಸಾಲನ್ನು ಒಂದೇ ಜೋಡಿ ಕೋಟ್ಸ್‌ನಲ್ಲಿ ಸುತ್ತಿದೆ. ಟಾರ್ಗೆಟ್ ಸರಿಯಿಲ್ಲ ಅಂತ ಖಾನೆ ಒಪ್ಪಲೇ ಇಲ್ಲ. ಪ್ರೋಗ್ರಾಮಿಗೆ ಒಂದು ಜೋಡಿ, ನಡುವೆ ಒಂದು ಸ್ಪೇಸ್, ಫೈಲಿಗೆ ಇನ್ನೊಂದು ಜೋಡಿ ಹಾಕಿದ ಮೇಲೆ ಕೆಲಸವಾಯಿತು. ಇಲ್ಲಿ ಎರಡು ಗುಂಡಿ ಇವೆ, ನಾನು ಎರಡಕ್ಕೂ ಬಿದ್ದೆ. ವಾಟ್ಸಾಪ್‌ನಲ್ಲಿ ಬಂದ ಸಾಲನ್ನು ಪೇಸ್ಟ್ ಮಾಡಿದಾಗ ಅದರಲ್ಲಿದ್ದದ್ದು ಬಾಗಿದ ಕೋಟ್ಸ್. ಅದು ನಡೆಯುವುದಿಲ್ಲ, ನೆಟ್ಟಗಿನದೇ ಬೇಕು. ಇನ್ನೊಮ್ಮೆ ಫೋಲ್ಡರ್‌ನ ಪಾತ್ ಕೊನೆಗೆ ಬ್ಯಾಕ್‌ಸ್ಲ್ಯಾಶ್ (\) ಇಟ್ಟು ಕೋಟ್ ಮುಚ್ಚಿದೆ. ಬಹಳಷ್ಟು ಪ್ರೋಗ್ರಾಮ್‌ಗಳು ಆ ಬ್ಯಾಕ್‌ಸ್ಲ್ಯಾಶ್-ಕೋಟ್ ಜೋಡಿಯನ್ನು ‘ಇದು ಮುಚ್ಚುವ ಕೋಟ್ ಅಲ್ಲ’ ಎಂದು ಓದುತ್ತವೆ, ಮುಂದಿನದೆಲ್ಲ ಪಾತ್‌ಗೆ ಅಂಟಿಕೊಳ್ಳುತ್ತದೆ. ಫೈಲಿನ ಮೇಲೆ ಶಿಫ್ಟ್ ಒತ್ತಿ ರೈಟ್ ಕ್ಲಿಕ್ ಮಾಡಿ ‘ಕಾಪಿ ಆ್ಯಸ್ ಪಾತ್’ ಆರಿಸಿದರೆ ಕೋಟ್ಸ್ ಸಮೇತ ಬರುತ್ತದೆ. ನನಗೆ ಈಗ ಅದೇ ರೂಢಿ.

ಪರೀಕ್ಷೆಗೆ ಮಾತ್ರ ನೋಟ್‌ಪ್ಯಾಡ್ ಬಳಸಬೇಡಿ. ಹಳೆಯ ನೋಟ್‌ಪ್ಯಾಡ್ ಕೋಟ್ಸ್ ಇಲ್ಲದಿದ್ದರೂ ಇಡೀ ಸಾಲನ್ನು ಒಂದೇ ಹೆಸರೆಂದು ತೆಗೆದುಕೊಂಡು ತೆರೆದುಬಿಡುತ್ತದೆ. ಎಲ್ಲ ಸರಿಯಿದೆ ಅಂತ ನಾನು ಅರ್ಧ ದಿನ ನಂಬಿದ್ದೆ.

ಎರಡನೆಯದು, ಉದ್ದ ಹೆಸರಿಗೆ ವಿಂಡೋಸ್ ತಾನೇ ಕೊಡುವ ಡಾಸ್ ಮಾದರಿಯ ಮೊಟಕು ಹೆಸರು, ‘ಪ್ರೋಗ್ರಾ~1’ ಥರದ್ದು. ನನ್ನ ಡಿ ಡ್ರೈವ್‌ನಲ್ಲಿ ಆ ಹೆಸರುಗಳೇ ಹುಟ್ಟಿರಲಿಲ್ಲ, ಆ ಸೌಲಭ್ಯ ಆಫ್ ಆಗಿತ್ತು. ಇರುವ ಕಡೆಯೂ ಬೇರೆ ಡಿಸ್ಕಿಗೆ ನಕಲು ಮಾಡಿದಾಗ ಕೊನೆಯ ಅಂಕಿ ಬದಲಾಗಬಹುದು. ಬಿಟ್ಟುಬಿಟ್ಟೆ.

ಮೂರನೆಯದು ಬ್ಯಾಚ್ ಫೈಲ್, ಅಂದರೆ ಕಮಾಂಡ್‌ಗಳನ್ನು ಸಾಲಾಗಿ ಬರೆದಿಟ್ಟ ಫೈಲ್. ಅದರ ಮೇಲೆ ನನಗೆ ತುಂಬಾ ಆಸೆ ಇತ್ತು, ಒಂದೇ ಕ್ಲಿಕ್ಕಿಗೆ ನಾಲ್ಕು ಕೆಲಸ ಆಗುತ್ತದೆ. ಆದರೆ ‘ಸ್ಟಾರ್ಟ್’ ಕಮಾಂಡ್ ಮುಂದೆ ಕೋಟ್ಸ್‌ನಲ್ಲಿ ಪಾತ್ ಕೊಟ್ಟರೆ ಅದನ್ನು ಕಿಟಕಿಯ ಶೀರ್ಷಿಕೆ ಅಂದುಕೊಂಡು ಖಾಲಿ ಕಪ್ಪು ಕಿಟಕಿ ತೆರೆಯುತ್ತದೆ. ಅದಕ್ಕೆ ಮೊದಲು ಖಾಲಿ ಕೋಟ್ಸ್ ಒಂದು ಜೋಡಿ, ಆಮೇಲೆ ಪಾತ್. ಕನ್ನಡದಲ್ಲಿ ಹೆಸರಿಟ್ಟವರಿಗೆ ಇನ್ನೊಂದು ತಲೆನೋವು: ಬ್ಯಾಚ್ ಫೈಲನ್ನು ಯುಟಿಎಫ್-8ರಲ್ಲಿ (ಕನ್ನಡವನ್ನೂ ಹಿಡಿಸುವ ಅಕ್ಷರ ಸಂಕೇತ) ಉಳಿಸಿ, ಮೇಲೆ ಕೋಡ್‌ಪೇಜನ್ನು ಅದಕ್ಕೆ ಹೊಂದುವ 65001ಕ್ಕೆ ಬದಲಿಸುವ ಸಾಲು ಹಾಕದಿದ್ದರೆ ‘ಮದುವೆ’ ಗುರುತೇ ಸಿಗದಷ್ಟು ಕೆಡುತ್ತದೆ. ಮಾಮೂಲಿ ಶಾರ್ಟ್‌ಕಟ್‌ಗೆ ಈ ಸಮಸ್ಯೆಯೇ ಬರಲಿಲ್ಲ. ಬ್ಯಾಚ್ ಮೇಲೆ ಫೈಲನ್ನು ಎಳೆದು ಬಿಡುವವರು ಒಳಗೆ ಆ ಫೈಲಿನ ಪಾತ್‌ಗೆ ನಿಲ್ಲುವ %1 ಬದಲು "%~1" ಬರೆಯಿರಿ.

ಕೊನೆಯದು ಜಂಕ್ಷನ್. ‘ಎಂಕೆಲಿಂಕ್’ ಕಮಾಂಡ್‌ಗೆ ‘/ಜೆ’ ಸೇರಿಸಿದರೆ ಅದೇ ಫೋಲ್ಡರ್‌ಗೆ ಸ್ಪೇಸ್ ಇಲ್ಲದ ಇನ್ನೊಂದು ಹೆಸರು ಸಿಗುತ್ತದೆ, ಅಡ್ಮಿನ್ ಅನುಮತಿಯೂ ಬೇಡ. ಕೋಟ್ಸ್ ಹಾಕಿದರೂ ಒಳಗೇ ಎಡವುವ ಒಂದು ಹಳೆಯ ಪ್ರೋಗ್ರಾಮ್ ನಮ್ಮಲ್ಲಿದೆ. ಅದು ಕನ್ನಡ ಅಕ್ಷರವನ್ನೂ ಓದುವುದಿಲ್ಲ. ಅದಕ್ಕೆಂದು ಇಂಗ್ಲಿಷಿನಲ್ಲಿ ಎರಡಕ್ಷರದ ಜಂಕ್ಷನ್ ಮಾಡಿಕೊಟ್ಟೆ, ಒಳಗಿನ ಫೈಲಿನ ಹೆಸರನ್ನೂ ಬದಲಿಸಿದೆ, ಯಾಕೆಂದರೆ ಜಂಕ್ಷನ್ ಫೋಲ್ಡರ್‌ಗೆ ಮಾತ್ರ. ಒಳಹೊಕ್ಕು ಫೈಲ್ ಅಳಿಸಿದರೆ ಅಸಲೇ ಹೋಗುತ್ತದೆ ಅಂತ ಅಂಗಡಿಯ ಹುಡುಗನಿಗೆ ಮೊದಲೇ ಹೇಳಿಟ್ಟಿದ್ದೇನೆ.

ಈಗ ನಮ್ಮ ಡೆಸ್ಕ್‌ಟಾಪಿನ ಎಂಟು ಶಾರ್ಟ್‌ಕಟ್‌ಗಳಲ್ಲಿ ಏಳು ಕೋಟ್ಸ್ ಮೇಲೆ ನಡೆಯುತ್ತಿವೆ, ಆ ಹಳೆಯ ಪ್ರೋಗ್ರಾಮಿನದು ಒಂದೇ ಜಂಕ್ಷನ್ ಮೇಲೆ.